ಒಂಬತ್ತನೇ ಕಾಲಂ

ನಮ್ಮೂರಿನಲ್ಲಿ ಯುಗಾದಿಗೆ ಮುಂಚಿನ ಶನಿವಾರವನ್ನು ಹಾಳೆ ದಿನ ಅನ್ನುತ್ತಾರೆ. ಅಂದು ಮೇಲಿನವರೆಲ್ಲ ತಮ್ಮ ಕೈಕೆಳಗಿನವರ ಬಗ್ಗೆ ಒಂದೊಂದು ಹಾಳೆ ತುಂಬಬೇಕು. ಕೆಳಗಿನವನು ಅದನ್ನು ಓದಿ ಸಹಿ ಮಾಡಬೇಕು. ಸಹಿಯ ಮಸಿ ಒಣಗುವ ಹೊತ್ತಿಗೆ ಬರೆದದ್ದು ನಿಜವಾಗುತ್ತದೆ, ಮುಂದಿನ ಹಾಳೆ ದಿನದವರೆಗೂ ನಿಜವಾಗಿಯೇ ಇರುತ್ತದೆ. ಕಚೇರಿಯ ಗುಮಾಸ್ತರೊಬ್ಬರಿಗೆ ಅವರ ಸಾಹೇಬರು ‘ನಿಧಾನ’ ಎಂದು ಬರೆದ ವರ್ಷ ಆತ ಕೋಳಿ ಕೂಗುವಾಗಲೇ ಮನೆ ಬಿಟ್ಟು, ಎರಡು ಫರ್ಲಾಂಗು ನಡೆದು, ಹತ್ತಕ್ಕೆ ಸರಿಯಾಗಿ ಕುರ್ಚಿ ಮುಟ್ಟುತ್ತಿದ್ದರು. ಕಾಗೆ ದನಿಯ ಮೇಡಂ ಒಬ್ಬರಿಗೆ ಹೆಡ್‌ಮಾಸ್ತರರು ಆತುರದಲ್ಲಿ ಇನ್ನೊಬ್ಬರ ‘ಇಂಪಾದ ಕಂಠ’ದ ಸಾಲನ್ನು ಬರೆದುಬಿಟ್ಟಿದ್ದರು, ಆ ವರ್ಷ ಆ ಮೇಡಂ ಹಾಡದೆ ಊರಿನಲ್ಲಿ ಒಂದು ತೊಟ್ಟಿಲೂ ತೂಗಲಿಲ್ಲ. ಮರುವರ್ಷ ತಪ್ಪು ತಿದ್ದಿದರು. ಆದರೂ ಜನ ದಾಕ್ಷಿಣ್ಯಕ್ಕೆ ಆಕೆಯನ್ನು ಕರೆದರು, ಕೂತು ಕೇಳಿದರು. ಹಾಳೆ ದಿನ ಹತ್ತಿರವಾದಂತೆ ಸಾಹೇಬರುಗಳ ಮನೆಗೆ ಸಂಡಿಗೆ, ಹಪ್ಪಳ, ಮಾವಿನ ಮಿಡಿ ಹೋಗುವುದು ಇದ್ದದ್ದೇ. ನನ್ನ ಮನೆಗೂ ಬರುತ್ತಿತ್ತು. ಬೇಡ ಅನ್ನುತ್ತಿದ್ದೆ, ಒಳಗೆ ಇಟ್ಟುಕೊಳ್ಳುತ್ತಿದ್ದೆ.

ನಾನು ನೀರು ಸರಬರಾಜಿನ ಕಚೇರಿಯಲ್ಲಿ ಸೋರಿಕೆ ವಿಭಾಗದ ಮೇಲ್ವಿಚಾರಕ. ನನ್ನ ಕೆಳಗೆ ಏಳು ಜನ. ಅವರಲ್ಲಿ ಈರಬಸಪ್ಪ ನನಗಿಂತ ಒಂಬತ್ತು ವರ್ಷ ದೊಡ್ಡವನು, ನನಗೆ ಕೆಲಸ ಕಲಿಸಿದವನು. ನಾನು ಮೇಲ್ವಿಚಾರಕನಾದ ದಿನ ಅವನೇ ಬಂದು, “ಇನ್ನ ಮ್ಯಾಲ ನನಗ ನೀವು ಅನ್ನಬ್ಯಾಡ್ರಿ ಸಾಹೇಬ್ರ, ಮಂದಿ ಮುಂದ ಚಂದ ಕಾಣಂಗಿಲ್ಲ” ಅಂದ. ಅಂದಿನಿಂದ ಅವನು ನನಗೆ ನೀನು, ನಾನು ಅವನಿಗೆ ಸಾಹೇಬ್ರು.

ಅವನ ಕೆಲಸ ನೆಲಕ್ಕೆ ಕಿವಿ ಕೊಡುವುದು. ಆಳೆತ್ತರದ ಕಬ್ಬಿಣದ ಸರಳೊಂದು ಅವನ ಹತ್ತಿರ ಇತ್ತು. ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನಾಲ್ಕಡಿ ಕೆಳಗಿನ ಪೈಪು ಎಲ್ಲಿ ಬಿರಿದಿದೆ, ಬಿರುಕು ಕೂದಲೆಳೆಯೋ ಬೆರಳಗಲವೋ, ಎಲ್ಲ ಅವನಿಗೆ ಕೇಳುತ್ತಿತ್ತು. “ಇಲ್ಲಿ ಅಗೀರಿ” ಅಂದರೆ ಅಗೆಯುತ್ತಿದ್ದೆವು. ನಾನು ಕಂಡ ಇಪ್ಪತ್ತು ವರ್ಷದಲ್ಲಿ ನೀರಿಲ್ಲದ ಗುಂಡಿ ಒಂದೂ ಇರಲಿಲ್ಲ. ಓಣಿಯ ಜನ ನನ್ನನ್ನು ದಾಟಿ ಹೋಗಿ ಅವನನ್ನು ಕೇಳುತ್ತಿದ್ದರು. ನನ್ನ ಎದುರಿಗೇ, “ಸಾಹೇಬ್ರು ಹೇಳ್ತಾರ ಬಿಡ್ರಿ, ಈರಬಸಪ್ಪ ಏನಂದ?” ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಹೊಟ್ಟೆಯಲ್ಲಿ ಒಂದು ಕಿಡಿ ಉರಿಯುತ್ತಿತ್ತು ಅನ್ನುವುದನ್ನು ಈಗ ಮುಚ್ಚಿಟ್ಟು ಏನು ಮಾಡಲಿ.

ಹೋದ ವರ್ಷ ನಮ್ಮ ಕಚೇರಿಗೆ ಹೊಸ ದೊಡ್ಡ ಸಾಹೇಬರು ಬಂದರು. ಹಾಳೆ ದಿನಕ್ಕೆ ಎಂಟು ದಿನ ಮುಂಚೆ ನನ್ನ ಹಳೆಯ ಹಾಳೆಗಳನ್ನೆಲ್ಲ ತರಿಸಿಕೊಂಡು ನೋಡಿದರು. “ಏಳು ಜನಕ್ಕೂ ಒಂಬತ್ತು ಕಾಲಂನಲ್ಲೂ ಉತ್ತಮ, ಉತ್ತಮ, ಉತ್ತಮ. ಇದೇನು ಹಾಳೆಯೋ, ಮದುವೆಯ ಕರೆಯೋಲೆಯೋ?” ಅಂದರು. ಎಲ್ಲರೂ ಒಳ್ಳೆಯವರು ಅಂತ ಬರೆಯುವವನು ಯಾರನ್ನೂ ನೋಡಿಲ್ಲ ಅಂತಲೇ ಅರ್ಥವಂತೆ. ಈ ಸಲ ಪ್ರತಿ ವಿಭಾಗದಲ್ಲೂ ಒಬ್ಬನಿಗೆ ಒಂದು ಕಾಲಂನಲ್ಲಾದರೂ ಕೆಟ್ಟದ್ದು ಬರೆಯಲೇಬೇಕು, ಇಲ್ಲವಾದರೆ ಆ ಕೆಟ್ಟದ್ದನ್ನು ಅವರು ನನ್ನ ಹಾಳೆಯಲ್ಲಿ ಬರೆಯುತ್ತಾರೆ. ಇಷ್ಟು ಹೇಳಿ ನನಗೆ ಚಹಾ ತರಿಸಿದರು. ನಾನು ಕುಡಿದೆ.

ಆ ಎಂಟು ದಿನ ನಾನು ನನ್ನ ಏಳು ಜನರನ್ನು ಕಟುಕನ ಕಣ್ಣಿನಿಂದ ನೋಡಿದೆ. ಮಲ್ಲೇಶಿಗೆ ಬರೆದರೆ ಕಚೇರಿಯ ಮುಂದೆ ಕೂತು ಕೂಗಾಡುತ್ತಾನೆ. ಹುಸೇನಸಾಬನ ಮನೆಯಲ್ಲಿ ಹೆಂಡತಿಗೆ ಕಾಯಿಲೆ. ಉಳಿದ ಒಬ್ಬೊಬ್ಬರಿಗೂ ಒಂದೊಂದು ಕಾರಣ ಸಿಕ್ಕಿತು. ಈರಬಸಪ್ಪನ ಹೆಸರಿಗೆ ಬಂದಾಗ ಮಾತ್ರ ಮನಸ್ಸು ಹಗುರಾಯಿತು. ಅವನು ಜಗಳ ಮಾಡುವುದಿಲ್ಲ, ನನ್ನ ಕಷ್ಟ ತಿಳಿದುಕೊಳ್ಳುತ್ತಾನೆ, ಯಾರ ಮುಂದೆಯೂ ನನ್ನ ಹೆಸರು ಕೆಡಿಸುವುದಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ, ಹಾಗೆ. ಏಳು ಜನರಲ್ಲಿ ನಾನು ಪೂರ್ತಿ ನಂಬಿದ್ದವನು ಅವನೊಬ್ಬನೇ, ಆದ್ದರಿಂದಲೇ ಅವನನ್ನು ಆರಿಸಿದೆ.

ಇನ್ನು ಯಾವ ಕಾಲಂ ಅನ್ನುವ ಪ್ರಶ್ನೆ. ಆರೋಗ್ಯದ ಕಾಲಂ ಮುಟ್ಟಿದರೆ ಹಾಸಿಗೆ ಹಿಡಿಯುತ್ತಾನೆ. ಇಂದ್ರಿಯಗಳ ಕಾಲಂನಲ್ಲಿ ಕೆಟ್ಟದ್ದು ಬರೆದರೆ ಆ ಕಿವಿ ಹೋಗುತ್ತದೆ, ಇಲಾಖೆಗೇ ನಷ್ಟ. ಸಮಯಪಾಲನೆ, ಜ್ಞಾಪಕಶಕ್ತಿ, ಎಲ್ಲದರಲ್ಲೂ ಏನಾದರೊಂದು ತೊಂದರೆ ಕಂಡಿತು. ಒಂಬತ್ತನೆಯದು ನಂಬಿಕೆ. ಅದರಲ್ಲಿ ಎಲ್ಲರೂ ಕಣ್ಣು ಮುಚ್ಚಿ ‘ನಂಬಲರ್ಹ’ ಎಂದು ಗೀಚುವುದೇ ರೂಢಿ. ಇದರಿಂದ ಅವನ ಮೈಗೇನೂ ಆಗುವುದಿಲ್ಲ, ಅವನ ಕೆಲಸ ಕೇಳುವುದೇ ಹೊರತು ಹೇಳುವುದಲ್ಲವಲ್ಲ, ಅಂದುಕೊಂಡೆ. ಕೇಳಿದ್ದನ್ನು ಅವನು ಯಾರಿಗಾದರೂ ಹೇಳಬೇಕು ಅನ್ನುವುದು ಇಪ್ಪತ್ತು ವರ್ಷ ಈ ವಿಭಾಗದಲ್ಲಿ ಅನ್ನ ತಿಂದ ನನ್ನ ತಲೆಗೆ ಹೊಳೆಯಲಿಲ್ಲ. ‘ಇವರ ಮಾತು ನಂಬತಕ್ಕದ್ದಲ್ಲ’ ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಶನಿವಾರ ಈರಬಸಪ್ಪ ಬಂದು, ಚಪ್ಪಲಿ ಹೊರಗೆ ಬಿಟ್ಟು, ಹಾಳೆ ಓದಿದ. ಎಂಟು ಕಾಲಂ ಬೇಗ ಓದಿದ. ಒಂಬತ್ತನೆಯದರಲ್ಲಿ ನಿಂತ. ನಾನು ಗಡಬಡಿಸಿ ದೊಡ್ಡ ಸಾಹೇಬರ ಆಜ್ಞೆ ಹೇಳಿದೆ, ಒಂದೇ ವರ್ಷ ಅಂದೆ, “ನಿನಗಾದ್ರ ತಡಕೋಳೋ ಶಕ್ತಿ ಐತಿ” ಅಂದೆ.

“ನೀವು ವಿಚಾರ ಮಾಡೇ ಬರ್ದಿರತೀರಿ,” ಅಂದ. “ಸಹಿ ಎಲ್ಲಿ ಮಾಡ್ಲಿ ಹೇಳ್ರಿ.”

ಪ್ರತಿ ವರ್ಷ ಅದೇ ಜಾಗದಲ್ಲಿ ಸಹಿ ಮಾಡಿದವನಿಗೆ ನಾನು ಬೆರಳಿಟ್ಟು ಜಾಗ ತೋರಿಸಿದೆ.

ಸೋಮವಾರ ಬೆಳಿಗ್ಗೆ ಬಂದು ಕೆರೆ ರಸ್ತೆಯ ತಿರುವಿನಲ್ಲಿ ಸೋರಿಕೆ ಇದೆ ಅಂದ. ನಾನು ಅಗೆಯುವ ಚೀಟಿ ಬರೆಯಲು ಪೆನ್ನು ತೆಗೆದೆ. ಕೈ ಮುಂದೆ ಹೋಗಲಿಲ್ಲ. ಬರೆದದ್ದು ಸುಳ್ಳು ಅಂತ ಅವನನ್ನು ಬಿಟ್ಟರೆ ಊರಿನಲ್ಲಿ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಆದರೂ ಅವನ ಮಾತು ಕಿವಿಗೆ ಬಿದ್ದ ಕೂಡಲೇ, ಇವನು ಏನೋ ಕಟ್ಟಿ ಹೇಳುತ್ತಿದ್ದಾನೆ ಅನ್ನಿಸಿತು. ಎಷ್ಟು ಜಗ್ಗಿದರೂ ಆ ಅನಿಸಿಕೆ ಅಲುಗಲಿಲ್ಲ. “ನೋಡೋಣಂತ” ಅಂದೆ. ಅವನು ನನ್ನ ಮುಖ ನೋಡಿ, ತಲೆಯಾಡಿಸಿ ಹೋದ.

ಆಮೇಲೆ ನಡೆದದ್ದೆಲ್ಲ ಸಣ್ಣ ಸಣ್ಣ ಸಂಗತಿಗಳು. ಬಸ್ ನಿಲ್ದಾಣದಲ್ಲಿ ಅವನು “ಬಸ್ ಬಂತು” ಅಂದರೆ ಯಾರೂ ಏಳುತ್ತಿರಲಿಲ್ಲ. ಊಟ ಆಯಿತು ಅಂದರೆ ಅವನ ಹೆಂಡತಿ ಶಾಂತವ್ವ ಬುಟ್ಟಿ ತೆರೆದು ರೊಟ್ಟಿ ಎಣಿಸುತ್ತಿದ್ದಳು. ಮೂವತ್ತು ವರ್ಷ ಸಂಸಾರ ಮಾಡಿದವಳು, ಅವನು ಸಂಜೆ ತಡವಾಗಿ ಬಂದು ಕೆಲಸ ಇತ್ತು ಅಂದರೆ ಅಂಗಿ ಮೂಸಿ ನೋಡಿ, ಆಮೇಲೆ ತಾನು ಮಾಡಿದ್ದಕ್ಕೆ ತಾನೇ ಅಳುತ್ತಿದ್ದಳಂತೆ. ಹಾಳೆಯಲ್ಲಿ ಬರೆದದ್ದು ಅವಳಿಗೂ ಗೊತ್ತಿತ್ತು. ಗೊತ್ತಿದ್ದರೆ ಏನು ಬಂತು? ಕೊನೆಗೆ ಗಂಡ ಹೆಂಡತಿ ಒಂದು ದಾರಿ ಕಂಡುಕೊಂಡರು. ಅವನು ಮನೆಯಲ್ಲಿ ಏನನ್ನೂ ಹೇಳುವುದೇ ಇಲ್ಲ, ಬರೀ ಪ್ರಶ್ನೆ ಕೇಳುತ್ತಾನೆ. ಉಪ್ಪು ಐತೇನು, ನಿನ್ನ ಮಂಡಿನೋವು ಹೆಂಗೈತಿ, ಮಳಿ ಬರಬಹುದೇನು. ಪ್ರಶ್ನೆಯನ್ನು ನಂಬುವ ಅಗತ್ಯ ಇಲ್ಲವಲ್ಲ. ಇದನ್ನು ಶಾಂತವ್ವನೇ ನನ್ನ ಹೆಂಡತಿಗೆ ಹೇಳಿದ್ದು, ಸಂತೆಯಲ್ಲಿ, ನನ್ನ ಮೇಲೆ ಒಂದು ಕೆಟ್ಟ ಮಾತೂ ಆಡದೆ. ನನ್ನ ಹೆಂಡತಿ ಮನೆಗೆ ಬಂದು ಇಷ್ಟನ್ನೂ ಹೇಳಿ, ಅಂದು ನನಗೆ ಬಡಿಸದೆ ಒಳಗೆ ಹೋದಳು.

ಕಚೇರಿಯಲ್ಲಿ ನಾನು ಒಂದು ಉಪಾಯ ಹುಡುಕಿದೆ. ಈರಬಸಪ್ಪನನ್ನು ಕರೆದು, “ಸೋರಾಕತ್ತಿದ್ದ ಕಡೆ ಸೋರೂದಿಲ್ಲ ಅಂತ ಹೇಳು. ನಾವು ನಂಬೂದಿಲ್ಲ, ಅಗೀತೀವಿ. ಎಲ್ಲಾ ಸರಿಯಾಗ್ತದ” ಅಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅವನು ಸರಳನ್ನು ಗೋಡೆಗೆ ಒರಗಿಸಿದ. “ಇಲ್ರಿ ಸಾಹೇಬ್ರ. ನಾ ಸುಳ್ಳ ಹೇಳಾಕ ಚಾಲೂ ಮಾಡಿದ್ರ, ನೀವು ಬರದದ್ದು ಖರೇನ ಆಗಿಬಿಡ್ತದಲ್ರಿ.”

ನಾನು ಕಡತ ತಿರುವಿದೆ. ತಲೆ ಎತ್ತಿದಾಗ ಅವನು ಹೋಗಿದ್ದ.

ದಾರಿ ಇರಲಿಲ್ಲ ಅಂತಲ್ಲ. ಬರೆದವನು ಯಾವ ದಿನ ಬೇಕಾದರೂ ಕಚೇರಿಯ ಎಲ್ಲರ ಮುಂದೆ ನಿಂತು, ನಾನು ಸುಳ್ಳು ಬರೆದೆ ಎಂದು ಹೇಳಿ ಆ ಸಾಲಿನ ಮೇಲೆ ಗೆರೆ ಎಳೆಯಬಹುದು. ಆಗ ಸಾಲು ಕೆಳಗಿನವನನ್ನು ಬಿಟ್ಟು ಬರೆದವನ ಹಾಳೆಗೆ ಬಂದು ಕೂರುತ್ತದೆ, ವರ್ಷ ಮುಗಿಯುವವರೆಗೆ. ಹಾಗೆ ಗೆರೆ ಎಳೆದವರು ಯಾರೆಂದು ನಮ್ಮೂರಿನಲ್ಲಿ ಕೇಳಿದರೆ ಅಜ್ಜಂದಿರೂ ತಲೆ ಕೆರೆದುಕೊಳ್ಳುತ್ತಾರೆ. ನಾನೂ ಮೂರು ಸಲ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆದಿದ್ದೆ. ಮೇಲ್ವಿಚಾರಕನ ಮಾತನ್ನೇ ಯಾರೂ ನಂಬದಿದ್ದರೆ ವಿಭಾಗ ನಡೆಯುವುದು ಹೇಗೆ, ಊರಿಗೆ ನೀರು ಬಿಡುವವರು ಯಾರು, ಅಂತ ನನಗೆ ನಾನೇ ದೊಡ್ಡ ಭಾಷಣ ಮಾಡಿಕೊಂಡು ಮೂರು ಸಲವೂ ಒಳಗಿಟ್ಟೆ. ಊರಿನ ನೀರಿನ ಚಿಂತೆ ನನಗೆ ಅಷ್ಟು ಇದ್ದದ್ದು ಅದೇ ಮೊದಲು.

ಎಂಟನೇ ತಿಂಗಳಲ್ಲಿ ಒಂದು ಮಂಗಳವಾರ ಈರಬಸಪ್ಪ ಓಡುತ್ತಲೇ ಬಂದ. ಅವನು ಓಡಿದ್ದನ್ನು ನಾನು ಕಂಡಿರಲಿಲ್ಲ. ಕಂಬಾರರ ಓಣಿಯಲ್ಲಿ ನಾಗವ್ವನ ಮನೆಯ ಅಡಿಯಲ್ಲಿ ದೊಡ್ಡ ಪೈಪು ಬಿರಿದಿದೆ, ಮಣ್ಣು ಕೊಚ್ಚಿಹೋಗಿ ಒಳಗೆಲ್ಲ ಟೊಳ್ಳಾಗಿದೆ ಅಂದ. ನಾಗವ್ವ ಅಂದರೆ ಒಬ್ಬಂಟಿ ಮುದುಕಿ, ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಿಗೆಳೆಯುವವಳು.

“ಎರಡು ದಿನ, ಭಾಳಂದ್ರ ಮೂರು ದಿನ ಐತ್ರಿ. ನೆಲ ಕುಸೀತದ. ಮುದುಕಿ ಒಳಗ ಅದಾಳ. ನೀರರ ನಿಲ್ಲಸ್ರಿ, ಇಲ್ಲಾ ಆಕೀನರ ಹೊರಗ ಕರೀರಿ. ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ.”

ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಕಿವಿಯ ಸುತ್ತ ಸರಳಿನ ಗುರುತು ಕೆಂಪಗೆ ಮೂಡಿತ್ತು. ಇದನ್ನೆಲ್ಲ ಕಂಡೆ, ನಂಬಲು ಒದ್ದಾಡಿದೆ, ಆಗಲಿಲ್ಲ. ಇದು ನಿಜ, ಆಗಲಿಲ್ಲ. ಆದರೆ ಕಣ್ಣೆದುರಿನ ಪೆಟ್ಟಿಗೆಯಲ್ಲಿ ಹಾಳೆ ಇತ್ತು, ಜೇಬಿನಲ್ಲಿ ಪೆನ್ನು ಇತ್ತು, ಹೊರಗೆ ಸಾಕ್ಷಿಗೆ ಆರು ಜನ ಇದ್ದರು. ಒಂದು ಗೆರೆ ಎಳೆದಿದ್ದರೆ ಮರುಕ್ಷಣವೇ ಎಲ್ಲರೂ ಅವನನ್ನು ನಂಬುತ್ತಿದ್ದರು. ಅದಕ್ಕೆ ಅವನನ್ನು ನಂಬಬೇಕಾಗಿರಲಿಲ್ಲ, ನಾನು ಬರೆದದ್ದು ಸುಳ್ಳು ಅಂತ ನನಗೆ ನೆನಪಿದ್ದರೆ ಸಾಕಿತ್ತು. ನೆನಪಿತ್ತು. “ಮಲ್ಲೇಶಿನ ಕಳಸ್ತೀನಿ” ಅಂದೆ. ಮಲ್ಲೇಶಿ ಹೋಗಿ, ಸರಳಿಗೆ ಕಿವಿಯಿಟ್ಟು, ಏನೂ ಕೇಳಲಿಲ್ಲ ಅಂತ ಬಂದ. ಕಿವಿ ಉತ್ತಮವೇ, ಆದರೆ ಸರಳು ಹೇಳುವುದು ಅವನಿಗೆ ಎಂದೂ ತಿಳಿದಿರಲಿಲ್ಲ.

ಈರಬಸಪ್ಪ ನಾಗವ್ವನಿಗೂ ಹೇಳಿದ. ಆಕೆ ನಕ್ಕು, “ಹುಚ್ಚಪ್ಪ, ಮಜ್ಜಿಗಿ ಕುಡದು ಹೋಗು” ಅಂದಳು. ಅವನು ಹೋಗಲಿಲ್ಲ. ರಜೆಯ ಚೀಟಿ ಬರೆದುಕೊಟ್ಟು ಆಕೆಯ ಕಟ್ಟೆಯ ಮೇಲೆ ಕೂತ. ಬುಧವಾರ ಕೂತ, ಗುರುವಾರ ಕೂತ. ಮಾತಿನಿಂದ ಆಗದ್ದನ್ನು ಬೇರೆ ಹೇಗೆ ಮಾಡುವುದು? ಶುಕ್ರವಾರ ಮಧ್ಯಾಹ್ನ ನಾಗವ್ವ ಒಲೆಯ ಮುಂದೆ ಇದ್ದಾಗ ಅಡುಗೆಮನೆಯ ನೆಲ ಒಮ್ಮೆಲೇ ಕೆಳಗಿಳಿಯಿತು. ಅವನು ಒಳಗೆ ಹಾರಿ, ಸೊಂಟದವರೆಗೆ ಕೆಸರಿನಲ್ಲಿ ನಿಂತು, ಗೋಡೆ ಬೀಳುವ ಮೊದಲು ಆಕೆಯನ್ನು ಹೊಸ್ತಿಲಾಚೆ ಎಳೆದ. ಗೋಡೆ ಅವನ ಎಡಗೈ ಮೇಲೆ ಬಿತ್ತು. ನಾಗವ್ವನ ಸೊಂಟದ ಎಲುಬು ಮುರಿಯಿತು. ಆಕೆ ಬದುಕಿದಳು, ಆದರೆ ಮತ್ತೆ ಕಟ್ಟೆಯ ಮೇಲೆ ಕೂರುವಂತಾಗಲಿಲ್ಲ.

ಮರುವಾರ ದೊಡ್ಡ ಸಾಹೇಬರು ವಿಚಾರಣೆಗೆ ಕೂತರು. ಇಷ್ಟು ದೊಡ್ಡ ಸೋರಿಕೆ ಮೊದಲೇ ಏಕೆ ತಿಳಿಯಲಿಲ್ಲ ಎಂದು ಕೇಳಿದರು. ಈರಬಸಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ. “ತಿಳಿದಿತ್ರಿ. ಮಂಗಳವಾರ ಮುಂಜಾನೆ ನಾ ಸಾಹೇಬ್ರಿಗೆ ಹೇಳೀನಿ” ಅಂದ. ಕೋಣೆಯಲ್ಲಿ ಒಬ್ಬರೂ ನಂಬಲಿಲ್ಲ, ಅವರ ಮುಖದಲ್ಲೇ ಕಾಣುತ್ತಿತ್ತು. ದೊಡ್ಡ ಸಾಹೇಬರು ನನ್ನ ಕಡೆ ತಿರುಗಿದರು. “ಹೇಳಿದ್ದನೇನ್ರಿ?”

ಈರಬಸಪ್ಪನೂ ನನ್ನನ್ನೇ ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ನಾನು ಹೌದು ಅನ್ನುತ್ತೇನೆ ಅಂತ ಅವನಿಗೆ ಖಾತ್ರಿಯಿತ್ತು. ಹೌದು ಅಂದರೆ ಮುಂದಿನ ಪ್ರಶ್ನೆ ಏನು, ನನಗೆ ಗೊತ್ತಿತ್ತು. ಮತ್ತೆ ನೀವೇಕೆ ಸುಮ್ಮನಿದ್ದಿರಿ?

“ನೆನಪಿಲ್ಲ ಸರ್,” ಅಂದೆ.

ನನ್ನ ಹಾಳೆಯಲ್ಲಿ ಒಂಬತ್ತನೇ ಕಾಲಂನಲ್ಲಿ ದೊಡ್ಡ ಸಾಹೇಬರು ‘ನಂಬಲರ್ಹ’ ಎಂದು ಬರೆದಿದ್ದರು. ಎಲ್ಲರೂ ನಂಬಿದರು, ಅಂದು ನಾನೇ ಓಣಿಗೆ ಕಳಿಸಿದ್ದ ಮಲ್ಲೇಶಿಯೂ ನಂಬಿದ. ಈರಬಸಪ್ಪ ಕೂಡ ಒಂದು ಗಳಿಗೆ ತಾನು ಹೇಳಿರಲಿಲ್ಲವೇನೋ ಅನ್ನುವಂತೆ ನೆಲ ನೋಡಿದ. ಆ ಒಂದು ಗಳಿಗೆ ನನ್ನ ಎದೆಯಲ್ಲಿ ಈಗಲೂ ಹಾಗೇ ಕೂತಿದೆ. ಕೆಲಸದಲ್ಲಿ ಅಲಕ್ಷ್ಯ ಎಂದು ಅವನಿಂದ ಸರಳನ್ನು ಕಿತ್ತುಕೊಂಡು, ನೀರಿನ ತೊಟ್ಟಿ ಉಜ್ಜುವ ಕೆಲಸಕ್ಕೆ ಹಾಕಿದರು. ಎಡಗೈ ಮೇಲೇಳದವನು ಬಲಗೈಯಲ್ಲಿ ಪಾಚಿ ಉಜ್ಜುತ್ತಿದ್ದ. ಹಾಳೆ ದಿನಕ್ಕೆ ಇನ್ನು ಮೂರೂವರೆ ತಿಂಗಳಿತ್ತು. ಮೂರೂವರೆ ತಿಂಗಳು ತಾನೇ, ಅಂದುಕೊಂಡೆ. ತೊಟ್ಟಿಯ ಕಡೆ ಹೋಗುವುದನ್ನು ಬಿಟ್ಟೆ. ಯಾರಾದರೂ ಅವನ ಹೆಸರೆತ್ತಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಈ ವರ್ಷದ ಹಾಳೆ ದಿನ ಬಂತು. ಅವನ ಹಾಳೆಯನ್ನು ಎಲ್ಲರಿಗಿಂತ ಮೊದಲು ತುಂಬಿದೆ. ಕೆಟ್ಟದ್ದು ಬರೆಯಬೇಕಾದ ಸರದಿಯನ್ನು ಮಲ್ಲೇಶಿಯ ಸಮಯಪಾಲನೆಗೆ ದಾಟಿಸಿದ್ದೆ, ಕೂಗಾಡಿದರೆ ಕೂಗಾಡಲಿ ಅಂತ. ಈರಬಸಪ್ಪನ ಒಂಬತ್ತನೇ ಕಾಲಂನಲ್ಲಿ, ‘ಇವರು ಆಡಿದ ಪ್ರತಿಯೊಂದು ಮಾತೂ ಸಂಪೂರ್ಣ ನಂಬಲರ್ಹ’ ಎಂದು ಬರೆದೆ. ಊರಿನಲ್ಲಿ ಯಾರಿಗೂ ಯಾರೂ ಅಷ್ಟು ಬರೆದಿರಲಿಲ್ಲ. ಸ್ವಲ್ಪ ಸಮಾಧಾನವೂ ಆಯಿತು, ನಾಚಿಕೆಗೇಡಿ ಸಮಾಧಾನ.

ಅವನು ಬಂದು ಓದಿದ. ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಮೇಜಿನ ಮೇಲಿಟ್ಟ.

“ಇದನ್ನ ಖಾಲಿ ಬಿಡ್ರಿ.”

“ಖಾಲಿ ಬಿಡೋ ಪದ್ಧತಿ ಇಲ್ಲೋ ಈರಬಸಪ್ಪ. ಬರದೀನಲ್ಲ, ಇನ್ನ ನೀ ಏನಂದ್ರೂ ಮಂದಿ ನಂಬ್ತಾರ.”

“ನಂಬ್ತಾರ್ರಿ. ಆದ್ರ ಅದು ನಿಮ್ಮ ಅಕ್ಷರ ನಂಬಿದಂಗಾತು. ಹೋದ ವರ್ಷನೂ ಅದನ್ನ ನಂಬಿದ್ರು.” ಅವನ ದನಿ ಏರಲಿಲ್ಲ. “ನನ್ನ ಹೇಣ್ತಿ ನನ್ನ ಮಾತು ನಂಬಬೇಕೋ ಬ್ಯಾಡೋ, ಆಕಿಗೇ ಬಿಡ್ರಿ. ಬರೀಬ್ಯಾಡ್ರಿ.”

ನಾನು ಬೇರೆ ಹಾಳೆ ತೆಗೆದು ಎಂಟು ಕಾಲಂ ತುಂಬಿದೆ. ಒಂಬತ್ತನೆಯದು ಬಿಳಿಯಾಗಿ ಉಳಿಯಿತು. ಈ ಸಲ ಅವನು ಸಹಿ ಎಲ್ಲಿ ಮಾಡಲಿ ಎಂದು ಕೇಳಲಿಲ್ಲ. ಸಹಿ ಮಾಡಿ, ಮಸಿ ಒಣಗುವವರೆಗೆ ನಿಂತು, ಹೊರಟ. ಬಾಗಿಲ ಹತ್ತಿರ ಹೋಗಿದ್ದ, ನನಗೆ ತಡೆಯಲಾಗಲಿಲ್ಲ.

“ಈರಬಸಪ್ಪ, ನನ್ನ ಮ್ಯಾಲ ಸಿಟ್ಟು ಐತೇನು?”

ಚಪ್ಪಲಿ ಮೆಟ್ಟುತ್ತಿದ್ದವನು ತಿರುಗಿ ನೋಡಿದ. “ಇಲ್ರಿ ಸಾಹೇಬ್ರ. ನನಗೇನೂ ಸಿಟ್ಟಿಲ್ಲ.”

ಮುಂದಿನ ವಾರ ಸರಳನ್ನು ಅವನಿಗೆ ವಾಪಸು ಕೊಡಿಸಿದೆ. ಅಷ್ಟು ಮಾಡಿದೆ, ವಿಚಾರಣೆಯ ಕಡತದಲ್ಲಿ ಮಾತ್ರ ‘ನೆನಪಿಲ್ಲ’ ಅನ್ನುವುದು ಹಾಗೇ ಇದೆ. ಅವನು ಒಂದೇ ಕೈಯಲ್ಲಿ ಸರಳು ಹಿಡಿದು ಗಾಣಿಗರ ಓಣಿಯಲ್ಲಿ ನಿಂತು, ಇಲ್ಲಿ ಅಗೀರಿ ಅಂದ. ಹುಸೇನಸಾಬ ಎರಡು ಮಾತಾಡದೆ ಗುದ್ದಲಿ ಎತ್ತಿದ. ಮೂರಡಿಗೆ ನೀರು ಸಿಕ್ಕಿತು. ಓಣಿಯ ಜನ ಮತ್ತೆ ನನ್ನನ್ನು ದಾಟಿಕೊಂಡು ಹೋಗಿ ಅವನನ್ನು ಕೇಳುತ್ತಾರೆ. ಶಾಂತವ್ವ ಈಗ ರೊಟ್ಟಿ ಎಣಿಸುವುದಿಲ್ಲವಂತೆ. ಯಾರೂ ಬರೆದುಕೊಡದೆ ಊರು ಅವನನ್ನು ನಂಬುತ್ತಿದೆ. ನೀರಿನ ವಿಷಯದಲ್ಲಿ, ಪೈಪಿನ ವಿಷಯದಲ್ಲಿ, ನಾನೂ ಅವನ ಪ್ರತಿ ಮಾತನ್ನೂ ಕಣ್ಣು ಮುಚ್ಚಿ ನಂಬುತ್ತೇನೆ.

ಸಿಟ್ಟಿಲ್ಲ ಅಂದನಲ್ಲ, ಅದೊಂದನ್ನು ನಂಬಲು ಆಗುತ್ತಿಲ್ಲ. ದಿನವೂ ಅವನ ಹಾಳೆ ತೆಗೆದು ನೋಡುತ್ತೇನೆ. ಒಂಬತ್ತನೇ ಕಾಲಂನಲ್ಲಿ ಏನೂ ಬರೆದಿಲ್ಲ.